ಬೂಷ್ಟಿನ ಟೇಪು ಮತ್ತು ಚಕ್ಕುಲಿ ಡಬ್ಬಿ

ಮೂವತ್ತು ಮಳೆಗಾಲ ಕಂಡ ಕರಾವಳಿಯ ವಿಎಚ್‌ಎಸ್ ಟೇಪು ಗುಜರಿಗಲ್ಲದೆ ಮತ್ತೆಲ್ಲಿಗೂ ಸಲ್ಲದು ಎಂದು ಹಳೆಯ ವಿಡಿಯೊ ಟೇಪುಗಳ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿ ಉಳಿಸುವ ಈ ಕಸುಬಿನಲ್ಲಿ ನನಗಿಂತ ಮೊದಲೇ ಪಳಗಿದ್ದ ಬೆಂಗಳೂರಿನ ಇಬ್ಬರು ಹೇಳಿದ್ದರು. ಉಡುಪಿಯ ಕಲ್ಸಂಕದ ಬಳಿ ಇರುವ ನನ್ನ ಹತ್ತಡಿ ಕೋಣೆಗೆ ಕಳೆದ ವರ್ಷ ಬಿಳಿ ಬೂಷ್ಟು ಹಿಡಿದ ಟೇಪುಗಳು ಸುಮಾರು ಇನ್ನೂರು ಬಂದವು. ಅವುಗಳಲ್ಲಿ ಚಿತ್ರ ಕೊಡದೆ ಹೋದವು ನೆನಪಿನಂತೆ ಹದಿನಾರೋ ಹದಿನೇಳೋ. ಮದುವೆ ವಿಡಿಯೊ ತೆಗೆಯುವುದನ್ನು ಬಿಟ್ಟು ಇದಕ್ಕೆ ಇಳಿದಾಗ ಮನೆಯವರೂ ನಕ್ಕಿದ್ದರಿಂದ, ಈ ಲೆಕ್ಕವನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಹುಚ್ಚು ಹತ್ತಿಸಿದ್ದು ದೂರದರ್ಶನ. 1987ರ ಜನವರಿಯಲ್ಲಿ ರಾಮಾಯಣ ಆರಂಭವಾದಾಗ ನಾನು ಮೂರನೆಯ ತರಗತಿಯಲ್ಲಿದ್ದೆ, ಮತ್ತು ನಮ್ಮ ಆಸುಪಾಸಿನಲ್ಲಿ ಟಿವಿ ಇದ್ದದ್ದು ಬಹರೈನಿನಲ್ಲಿ ದುಡಿಯುತ್ತಿದ್ದ ಮಾವನ ಮನೆಯಲ್ಲಿ ಮಾತ್ರ. ಮಾವ ಊರಿಗೆ ಬರುವಾಗ ತಂದ, ಬೇರೆ ಬೇರೆ ದೇಶಗಳ ಟಿವಿ ಪದ್ಧತಿಗಳಿಗೂ ಒಗ್ಗುವ ಮಲ್ಟಿ ಸಿಸ್ಟಂ ವಿಸಿಆರ್‌ನಲ್ಲಿ, ಶಂಕರ್ ನಾಗ್ ನಮ್ಮ ಘಟ್ಟದ ಮೇಲಿನ ಆಗುಂಬೆಯಲ್ಲೇ ಚಿತ್ರಿಸಿದ ಮಾಲ್ಗುಡಿ ಡೇಸ್‌ನ ಕೆಲವು ಕಂತುಗಳನ್ನು ಮುದ್ರಿಸಿಟ್ಟು, ಯಾರೂ ಅಳಿಸದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಹಲ್ಲನ್ನೂ ಮುರಿದಿದ್ದರು. ಮುಂದೆ ಅತ್ತೆಯ ತಂಗಿಯ ಮದುವೆಗೆ ಖಾಲಿ ಟೇಪು ಸಿಗದೆ, ಆ ಮುರಿದ ಜಾಗಕ್ಕೆ ಸೆಲ್ಲೋಟೇಪು ಅಂಟಿಸಿ ಅದರ ಮೇಲೆಯೇ ಮದುವೆಯನ್ನು ಮುದ್ರಿಸಿದರು. ನಾನು ಈ ಕಸುಬಿಗೆ ಬಿದ್ದದ್ದು ಆ ಟೇಪಿನ ಬೆನ್ನು ಹತ್ತಿ.

ಮೊದಲ ವರ್ಷ ಪೂರ್ತಿ ಸೋಲು. ಬೂಷ್ಟಿನ ಟೇಪೊಂದನ್ನು ಹಾಗೆಯೇ ಒಳ್ಳೆಯ ಡೆಕ್ಕಿಗೆ, ಅಂದರೆ ಟೇಪು ಓಡಿಸುವ ಯಂತ್ರಕ್ಕೆ, ಹಾಕಿದೆ. ಟೇಪಿನಿಂದ ಚಿತ್ರವನ್ನು ಓದುವ ಹೆಡ್ ಕಟ್ಟಿಕೊಂಡದ್ದು ಒಂದು ಕಡೆಯಾದರೆ, ಅದೇ ಡೆಕ್ಕಿನಲ್ಲಿ ಮರುದಿನ ಓಡಿಸಿದ ಇನ್ನೊಬ್ಬರ ಶುದ್ಧ ಟೇಪಿಗೂ ಬೂಷ್ಟು ಅಂಟಿತು. ಅವರಿಗೆ ಕೈಯಿಂದ ನಾಲ್ಕು ಸಾವಿರ ಕೊಟ್ಟು ಕೈ ಮುಗಿದೆ. ಚಿತ್ರವನ್ನು ಕಂಪ್ಯೂಟರಿಗೆ ದಾಟಿಸುವ ಏಳುನೂರು ರೂಪಾಯಿಯ ಕ್ಯಾಪ್ಚರ್ ಸಾಧನದಲ್ಲಿ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಧಾರೆಯ ಮಂತ್ರ ಒಂದೆಡೆ, ಪುರೋಹಿತರ ತುಟಿ ಇನ್ನೊಂದೆಡೆ. ಅಲುಗುವ ಚಿತ್ರವನ್ನು ನೆಟ್ಟಗೆ ನಿಲ್ಲಿಸುವ ಟಿಬಿಸಿ (ಟೈಮ್ ಬೇಸ್ ಕರೆಕ್ಟರ್) ಇರುವ, ಮೇಲ್ದರ್ಜೆಯ ಎಸ್‌-ವಿಎಚ್‌ಎಸ್ ಡೆಕ್ಕನ್ನು ಸುಮಾರು ಮೂವತ್ತೆರಡು ಸಾವಿರ ತೆತ್ತು ಹೊರಗಿನಿಂದ ತರಿಸಿದರೆ, ಪೆಟ್ಟಿಗೆ ಬಿಚ್ಚುವಾಗಲೇ ಲೋಡಿಂಗ್ ಗಿಯರ್ ಬಿರುಕು ಬಿಟ್ಟಿತ್ತು. ಮಾರಿದವನು ಮತ್ತೆ ಫೋನು ಎತ್ತಲಿಲ್ಲ. 2016ರಲ್ಲಿ ಜಪಾನಿನ ಫುನಾಯ್ ಕೂಡ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಬಿಡಿಭಾಗಗಳಿಗೆ ಸತ್ತ ಯಂತ್ರಗಳೇ ಗತಿಯಾದ್ದರಿಂದ, ಮಂಗಳೂರಿನ ಬಂದರಿನ ಗುಜರಿ ಅಂಗಡಿಗಳಿಗೆ ತಿಂಗಳಿಗೆರಡು ಸಲ ಹೋಗಿಬರುವುದು ಅಂದಿನಿಂದ ರೂಢಿಯಾಯಿತು.

ಕೊನೆಗೆ ಕೈಹಿಡಿದದ್ದು ಒಣಗಿಸುವ ಕ್ರಮ. ಹಸಿ ಬೂಷ್ಟು ಮೆತ್ತಿಕೊಳ್ಳುತ್ತದೆ, ಒಣಗಿದ ಬೂಷ್ಟು ಪುಡಿಯಾಗಿ ಉದುರುತ್ತದೆ ಎಂಬಷ್ಟೇ ಇದರ ಗುಟ್ಟು. ಅಮ್ಮನ ದೊಡ್ಡ ಚಕ್ಕುಲಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಸಿ, ಒಂದು ಪುಟ್ಟ ತೇವಮಾಪಕವನ್ನಿಟ್ಟು, ಅದು ಶೇಕಡಾ 40ಕ್ಕಿಂತ ಕೆಳಗಿಳಿದು ಅಲ್ಲಿಯೇ ನಿಲ್ಲುವವರೆಗೆ ಟೇಪನ್ನು ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಹದಿನೈದು ದಿನ ಸಾಕು, ಮಳೆ ಸುರಿಯುವ ಆಟಿಯಲ್ಲಿ ಒಂದು ತಿಂಗಳಾದರೂ ಬೇಕು. ಬಳಿಕ ಐದು ತಿರುಪು ಬಿಚ್ಚಿ, ಸುರುಳಿಗಳನ್ನು ಬೇರೆ ಶುದ್ಧ ಕವಚಕ್ಕೆ ದಾಟಿಸಿ, ಹೆಡ್ ಡ್ರಮ್ಮನ್ನೇ ಕಿತ್ತುಹಾಕಿದ ಒಂದು ಬಲಿಯಂತ್ರದಲ್ಲಿ ಬಟ್ಟೆಯ ಎರಡು ಪಟ್ಟಿಗಳ ನಡುವೆ ಟೇಪು ಹಾಯುವಂತೆ ಆ ತುದಿಯಿಂದ ಈ ತುದಿಗೆ ಎರಡು ಸಲ ಸುತ್ತುತ್ತೇನೆ. ಇದನ್ನು ಮಾಡುವುದು ಹೊರಜಗಲಿಯಲ್ಲಿ, ಎನ್95 ಮಾಸ್ಕ್ ಕಟ್ಟಿಕೊಂಡು. ಆ ಬಟ್ಟೆ ಯಾವುದು, ಎಳೆತವನ್ನು ಎಷ್ಟಕ್ಕೆ ಇಳಿಸಿದ್ದೇನೆ ಎಂಬುದನ್ನು ಇಲ್ಲಿ ಬರೆಯಲಾರೆ. ಅದನ್ನು ಕಲಿಯಲು ನಾನು ಹನ್ನೊಂದು ಟೇಪುಗಳನ್ನು ಹರಿದಿದ್ದೇನೆ, ಅಷ್ಟೂ ನನ್ನವೇ.

ನಡುವೆ ಸಿಲಿಕಾ ಜೆಲ್ಲಿನ ಖರ್ಚು ಉಳಿಸಲು ಹುರಿದ ಕುಚ್ಚಲಕ್ಕಿಯನ್ನು ಪರೀಕ್ಷಿಸಿದೆ. ತೇವ ಇಳಿಯಿತು, ಆದರೆ ತೌಡಿನ ಧೂಳು ಸುರುಳಿಯ ಅಂಚಿಗೆ ಕೂತು ಬೂಷ್ಟಿಗಿಂತ ಕಷ್ಟ ಕೊಟ್ಟಿತು. ಹಲಸಿನ ಹಪ್ಪಳ ಒಣಗಿಸುವ ವಿದ್ಯುತ್ ಪೆಟ್ಟಿಗೆಯಲ್ಲಿ ಇಟ್ಟದ್ದು ಇನ್ನೂ ದೊಡ್ಡ ಮೂರ್ಖತನ. ಕವಚ ಸೊಟ್ಟಗಾದದ್ದಲ್ಲದೆ ಟೇಪಿಗೆ ಹಲಸಿನ ವಾಸನೆಯೂ ಹಿಡಿಯಿತು.

ಚಿತ್ರ ಹೊರಬಂದ ಮೇಲಿನದು ಕಂಪ್ಯೂಟರಿನ ಕೆಲಸ. ಸಂಕೋಚನದಲ್ಲಿ ಏನನ್ನೂ ಕಳೆಯದೆ ಇಳಿಸುತ್ತೇನೆ, ಮೂರು ಗಂಟೆಯ ಟೇಪಿಗೆ ನೂರು ಜಿಬಿಯಷ್ಟು ಜಾಗ ಹೋಗುತ್ತದೆ. ಹಾರ್ಡ್ ಡಿಸ್ಕಿನ ಖರ್ಚು ಕೋಣೆಯ ಬಾಡಿಗೆಯನ್ನು ಮೀರಿದ ತಿಂಗಳುಗಳಿವೆ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್ ಚಿತ್ರದ ಸೆಕೆಂಡಿಗೆ 50 ಫೀಲ್ಡುಗಳನ್ನು, ಅಂದರೆ ಅರ್ಧ ಚಿತ್ರಗಳನ್ನು, 25 ಫ್ರೇಮಿಗೆ ಇಳಿಸಿ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಯಕ್ಷಗಾನದ ಗಿರಕಿ ಕುಣಿತವಾದ ಧೀಂಗಿಣದ ವೇಗವೆಲ್ಲ ಅಲ್ಲಿಯೇ ಸಾಯುತ್ತದೆ. ಮುಖಗಳನ್ನು ಮೇಣದ ಗೊಂಬೆ ಮಾಡುವ ತಂತ್ರಾಂಶಗಳನ್ನೂ ನಾನು ಮುಟ್ಟುವುದಿಲ್ಲ.

ದರವನ್ನು ಟೇಪಿಗೆ 350 ಎಂದಿಟ್ಟಾಗ ಯಾರೂ ಬರಲಿಲ್ಲ. ಬೂಷ್ಟಿನದಕ್ಕೆ 900, ಚಿತ್ರ ಬಾರದಿದ್ದರೆ ಒಂದು ಪೈಸೆಯೂ ಬೇಡ ಎಂದು ಬರೆದು ಹಾಕಿದ ಮೇಲೆ ಗಲ್ಫಿನಿಂದ ಮರಳಿದವರು, ಮುಂಬಯಿಯ ಹೋಟೆಲಿನವರು, ಇಡೀ ರಾತ್ರಿಯ ಆಟವನ್ನು ಮೂರು ನಾಲ್ಕು ಟೇಪುಗಳಲ್ಲಿ ಮುದ್ರಿಸಿಟ್ಟಿದ್ದ ಯಕ್ಷಗಾನದ ಅಭಿಮಾನಿಗಳು ಒಬ್ಬೊಬ್ಬರಾಗಿ ಬಂದರು. ಆದರೂ ನಿಜ ಹೇಳಬೇಕೆಂದರೆ ಮಳೆಗಾಲದಲ್ಲಿ ಒಲೆ ಉರಿಸಿದ್ದು ಟೇಪಲ್ಲ, ಬಂದರಿನಿಂದ ಮುನ್ನೂರು ನಾನೂರಕ್ಕೆ ತಂದು ದುರಸ್ತಿ ಮಾಡಿದ ಆರು ಡಬ್ಬಾ ಟಿವಿಗಳು. ಮದುವೆಯ ಹಾಲುಗಳಲ್ಲಿ ಹಳೆಯ ಕಾಲದ ಮೂಲೆ ಅಲಂಕರಿಸಲು, ಸಿನಿಮಾ ಚಿತ್ರೀಕರಣಕ್ಕೆ ದಿನಕ್ಕೆ ಎರಡೂವರೆ ಸಾವಿರದಂತೆ ಅವು ಹೋಗುತ್ತವೆ. ಕ್ಯಾಮೆರಾದ ಶಟರನ್ನು 1/50 ಸೆಕೆಂಡಿಗೆ ಇಡಿ, ಟಿವಿಯ ಪರದೆಯ ಮೇಲೆ ಪಟ್ಟಿ ಓಡುವುದಿಲ್ಲ ಎಂದು ನಾನು ಹೇಳಿಕೊಡುವುದರಿಂದಲೇ ಎರಡನೆಯ ಸಲವೂ ಕರೆಯುತ್ತಾರೆ.

ಹಳೆಯದರ ಮೇಲೆ ಮುದ್ರಿಸಿದ ಮದುವೆ ಮುಗಿದ ಕೂಡಲೇ ಟೇಪನ್ನು ನಿಲ್ಲಿಸಬಾರದು. ಅಡಿಯಲ್ಲಿದ್ದ ಹಳೆಯ ಮುದ್ರಣ ಅಲ್ಲಿ ಮೇಲೇಳುತ್ತದೆ: ಅರ್ಧ ವಾರ್ತೆ, ಒಂದು ಸೋಪಿನ ಜಾಹೀರಾತು, ‘ರುಕಾವಟ್ ಕೆ ಲಿಯೇ ಖೇದ್ ಹೈ’ (ಅಡಚಣೆಗೆ ವಿಷಾದವಿದೆ) ಎಂಬ ಫಲಕ. ಅದರ ಹಕ್ಕು ನನ್ನದಲ್ಲವಾದ್ದರಿಂದ ಮಾರುವುದಿಲ್ಲ, ಆದರೆ ಗಿರಾಕಿಯ ಕಡತದಿಂದ ಕತ್ತರಿಸುವುದೂ ಇಲ್ಲ. ಮಾವನ ಟೇಪು ಮೂರನೆಯ ಪ್ರಯತ್ನಕ್ಕೆ ಓಡಿತು. ಬಾಳೆಎಲೆ ಎತ್ತುವ ದೃಶ್ಯದ ಮೇಲೆ ಬಿಳಿ ಗೆರೆಗಳು ಹಾಯ್ದು, ನಡುವಿನಿಂದ ಮಾಲ್ಗುಡಿ ಡೇಸ್ ಚಿತ್ರಿಸಿದ ಆಗುಂಬೆಯ ದೊಡ್ಡಮನೆಯ ಕಂಬಗಳು ಕಾಣಿಸಿಕೊಂಡು ನಾಲ್ಕು ನಿಮಿಷ ನಿಂತವು. ಮಾವ ಅತ್ತೆಯ ಕಡೆಗೆ ತಿರುಗಿ, ಸೆಲ್ಲೋಟೇಪು ಅಂಟಿಸಿದ್ದು ಯಾರು ಎಂದು ಮೂವತ್ತೈದು ವರ್ಷಗಳ ಬಳಿಕ ಮತ್ತೆ ಕೇಳಿದರು.

ಬೆಂಗಳೂರಿನ ಆ ಇಬ್ಬರಲ್ಲಿ ಒಬ್ಬರು ಈಗ ತಮ್ಮ ಬಳಿ ಬಂದ ಬೂಷ್ಟಿನ ಟೇಪುಗಳನ್ನು ನನಗೇ ಕೊರಿಯರ್ ಮಾಡುತ್ತಾರೆ. ಹಣ ಮಾತ್ರ ಎರಡು ತಿಂಗಳು ತಡವಾಗಿ ಬರುತ್ತದೆ.