ಮೊದಲ ಕ್ರೂಸ್: ಹಡಗನ್ನು ನೋಡುವ ಮೊದಲು ವೇಳಾಪಟ್ಟಿ ಓದಿ

ಮೊದಲ ಬಾರಿ ಕ್ರೂಸ್‌ಗೆ ಹೊರಟವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವ ಹಡಗು ಒಳ್ಳೆಯದು? ನಾನು ಹಡಗಿನ ಹೆಸರು ಹೇಳುವುದಿಲ್ಲ. ನೀವು ನೋಡಿಟ್ಟಿರುವ ಪ್ರವಾಸದ ವೇಳಾಪಟ್ಟಿ ತೋರಿಸಿ ಎನ್ನುತ್ತೇನೆ. ಜಾರುಬಂಡೆ, ಈಜುಕೊಳ, ನಾಟಕಶಾಲೆಗಳ ಚಿತ್ರಗಳು ಎಲ್ಲ ಹಡಗುಗಳದ್ದೂ ಚೆನ್ನಾಗಿಯೇ ಇರುತ್ತವೆ. ನಿಮ್ಮ ಪ್ರವಾಸ ಹೇಗಿರುತ್ತದೆ ಎಂಬುದನ್ನು ಹೇಳುವುದು ಹಡಗು ಯಾವ ಬಂದರಿಗೆ ಎಷ್ಟು ಗಂಟೆಗೆ ಬಂದು, ಎಷ್ಟು ಗಂಟೆಗೆ ಹೊರಡುತ್ತದೆ ಎಂಬ ಆ ಚಿಕ್ಕ ಕೋಷ್ಟಕ.

ಇದನ್ನು ನಾನು ಕಲಿತದ್ದು ಅಮ್ಮನನ್ನು ಕರೆದುಕೊಂಡು ಹೋದ ಮೊದಲ ಪ್ರವಾಸದಲ್ಲಿ. ಮೆಡಿಟರೇನಿಯನ್ ಸಮುದ್ರದಲ್ಲಿ ಏಳು ರಾತ್ರಿ, ಆರು ಬಂದರು. ಕೊಟ್ಟ ಹಣಕ್ಕೆ ಹೆಚ್ಚು ಊರು ನೋಡಬಹುದಲ್ಲ ಎಂದು ಅದನ್ನೇ ಆರಿಸಿದ್ದೆ. ಪಟ್ಟಿಯಲ್ಲಿ ರೋಮ್ ಎಂದು ದೊಡ್ಡದಾಗಿ ಬರೆದಿತ್ತು. ಹಡಗು ನಿಂತದ್ದು ಚಿವಿಟವೆಕ್ಕಿಯಾದಲ್ಲಿ; ಅಲ್ಲಿಂದ ರೋಮ್ ಸುಮಾರು 70 ಕಿಲೋಮೀಟರ್. ಫ್ಲಾರೆನ್ಸ್ ಎಂದಿದ್ದ ಕಡೆ ಹಡಗು ನಿಂತದ್ದು ಲಿವೋರ್ನೊದಲ್ಲಿ. ದಿನವೂ ಬೆಳಿಗ್ಗೆ ಆರಕ್ಕೆ ಎದ್ದು, ಬಸ್ ಹತ್ತಿ ಇಳಿದು, ಸಂಜೆ ಗಡಿಯಾರ ನೋಡುತ್ತಾ ಓಡಿ ಬರುವುದೇ ಆಯಿತು. ನಾಲ್ಕನೆಯ ದಿನ ಅಮ್ಮ ಮಂಡಿ ಹಿಡಿದು ಹಾಸಿಗೆಯ ಮೇಲೆ ಕುಳಿತು, "ನೀನು ಹೋಗಿ ಬಾ, ನಾನು ಇಲ್ಲೇ ಇರುತ್ತೇನೆ" ಎಂದರು. ಪ್ಯಾರಿಸ್‌ಗೆಂದು ಹೇಳುವ ಲ ಆವ್ರ್ ಬಂದರು ಆ ನಗರದಿಂದ ಸುಮಾರು 200 ಕಿಲೋಮೀಟರ್ ದೂರ ಎಂಬುದು ನನಗೆ ತಿಳಿದದ್ದು ಆಮೇಲೆ.

ಅಂದಿನಿಂದ ನಾನು ಮಾಡುವ ಲೆಕ್ಕ ಇದು. ಒಂದು ಹಾಳೆಯಲ್ಲಿ ಪ್ರತಿ ಬಂದರಿಗೂ ಒಂದು ಸಾಲು ಬರೆದುಕೊಳ್ಳಿ. ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುತ್ತದೆ ಎಂದರೆ ಒಂಬತ್ತು ಗಂಟೆ. ಇಳಿಯುವ ಸಾಲಿಗೆ, ತಪಾಸಣೆಗೆ ಒಂದು ಗಂಟೆ ಕಳೆಯಿರಿ. ಹೊರಡುವ ಸಮಯಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಎಲ್ಲರೂ ಹತ್ತಿರಬೇಕು. ಅದಕ್ಕೆ ಇನ್ನೊಂದು ಗಂಟೆ ಕಳೆಯಿರಿ. ನಗರಕ್ಕೆ ಹೋಗಿಬರಲು ಮೂರು ಗಂಟೆ. ಉಳಿದದ್ದು ನಾಲ್ಕು. ಊಟ, ಶೌಚಾಲಯ, ದಾರಿ ತಪ್ಪುವುದು, ಕಾಲು ನೋವು ಎಲ್ಲವೂ ಆ ನಾಲ್ಕು ಗಂಟೆಯೊಳಗೇ ಆಗಬೇಕು. ಹೀಗೆ ಪ್ರತಿ ಸಾಲಿನ ಕೊನೆಗೆ ಸಿಗುವ ಅಂಕಿಯೇ ಆ ಬಂದರಿನ ನಿಜವಾದ ಅಳತೆ. ಎರಡು ಪ್ರವಾಸಗಳನ್ನು ಹೋಲಿಸುವಾಗ ನಾನು ಬಂದರುಗಳನ್ನು ಎಣಿಸುವುದಿಲ್ಲ, ಈ ಗಂಟೆಗಳನ್ನು ಕೂಡುತ್ತೇನೆ.

ಅದೇ ಕೋಷ್ಟಕದಲ್ಲಿ ಕೆಲವು ಬಂದರುಗಳ ಪಕ್ಕ "ಟೆಂಡರ್" ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ ಎಂದರ್ಥ. ಗ್ರೀಸ್‌ನ ಸಾಂಟೊರಿನಿ ಇದಕ್ಕೆ ಒಳ್ಳೆಯ ಉದಾಹರಣೆ. ದೋಣಿ ಹಳೆಯ ಬಂದರಿನಲ್ಲಿ ಇಳಿಸಿದರೆ ಅಲ್ಲಿಂದ ಬೆಟ್ಟದ ಮೇಲಿನ ಊರಿಗೆ ಕೇಬಲ್ ಕಾರ್, ಇಲ್ಲವೇ ಸುಮಾರು ಆರುನೂರು ಮೆಟ್ಟಿಲು. ಒಂದೇ ದಿನ ನಾಲ್ಕೈದು ಹಡಗು ಬಂದರೆ ಕೇಬಲ್ ಕಾರಿನ ಸಾಲಿನಲ್ಲೇ ದಿನದ ದೊಡ್ಡ ಪಾಲು ಹೋಗುತ್ತದೆ. ಅಲೆ ಜೋರಾಗಿದ್ದರೆ ಟೆಂಡರ್ ಬಂದರನ್ನು ಬಿಟ್ಟು ಹಡಗು ಮುಂದೆ ಸಾಗುವುದೂ ಉಂಟು. ಗಾಲಿಕುರ್ಚಿ ಬಳಸುವವರು, ಮೆಟ್ಟಿಲು ಹತ್ತಲಾಗದವರು ಜೊತೆಗಿದ್ದರೆ ಟೆಂಡರ್ ಬಂದರು ಹೆಚ್ಚಿರುವ ಪ್ರವಾಸವನ್ನು ಬಿಟ್ಟುಬಿಡಿ.

ಮೊದಲ ಪ್ರವಾಸ ಎಷ್ಟು ದಿನದ್ದಿರಬೇಕು? ಐದರಿಂದ ಏಳು ರಾತ್ರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರು ರಾತ್ರಿಯ ಪ್ರವಾಸ ಅಗ್ಗವೆನಿಸುತ್ತದೆ. ಆದರೆ ಮೊದಲ ದಿನ ಹತ್ತುವುದರಲ್ಲೇ ಮಧ್ಯಾಹ್ನ ಕಳೆದಿರುತ್ತದೆ, ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಡಬೇಕು, ಮರುದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಳಿದಿರಬೇಕು. ಕೈಯಲ್ಲಿ ಉಳಿಯುವುದು ಎರಡೇ ಪೂರ್ಣ ದಿನ. ಏಳು ರಾತ್ರಿಯಲ್ಲಿ ಯಾವ ಬಂದರೂ ಇಲ್ಲದ, ಬರೀ ಸಮುದ್ರದ ದಿನ ಕನಿಷ್ಠ ಒಂದಾದರೂ ಇರಲಿ. ಕ್ರೂಸ್ ನಿಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ತಿಳಿಯುವುದು ಆ ದಿನವೇ.

ಕಾಲದ ವಿಚಾರಕ್ಕೆ ಬಂದರೆ, ಕೆರಿಬಿಯನ್ ಸಮುದ್ರದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗ ಟಿಕೆಟ್ ಅಗ್ಗ. ಹಡಗು ಬಿರುಗಾಳಿಯನ್ನು ತಪ್ಪಿಸಿ ಬೇರೆ ದಾರಿ ಹಿಡಿಯುತ್ತದೆ, ಹಾಗಾಗಿ ಪ್ರಾಣಭಯಕ್ಕಿಂತ ನೀವು ಆಸೆಪಟ್ಟ ದ್ವೀಪ ತಪ್ಪಿ ಇನ್ನೊಂದು ಸಿಗುವ ಸಾಧ್ಯತೆಯೇ ಹೆಚ್ಚು. ಬಂದರು ಬದಲಿಸುವ ಹಕ್ಕು ಹಡಗಿನವರಿಗೆ ಇರುತ್ತದೆ ಎಂಬುದು ಟಿಕೆಟ್ಟಿನ ಒಪ್ಪಂದದಲ್ಲೇ ಇದೆ. ಅಲಾಸ್ಕಾದ ಹಂಗಾಮು ಹೆಚ್ಚುಕಡಿಮೆ ಮೇಯಿಂದ ಸೆಪ್ಟೆಂಬರ್. ಅಲ್ಲಿನ ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳನ್ನು ಬಿಡುತ್ತಾರೆ. ಹಿಮನದಿ ನೋಡಲೆಂದೇ ಹೋಗುವವರು ಆ ಹೆಸರು ವೇಳಾಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಬೇಕು.

ಇಷ್ಟಾದ ಮೇಲೆ ಹಡಗಿನ ಗಾತ್ರ. 2024ರಲ್ಲಿ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಸುಮಾರು 2,48,000 ಒಟ್ಟು ಟನ್ನೇಜಿನ ಹಡಗು, ಭರ್ತಿಯಾದರೆ 7,600 ಪ್ರಯಾಣಿಕರು. ಈ ಟನ್ನೇಜ್ ತೂಕವಲ್ಲ, ಹಡಗಿನ ಒಳಗಿನ ಜಾಗದ ಅಳತೆ. ಅದನ್ನು ಕ್ಯಾಬಿನ್‌ಗೆ ಇಬ್ಬರಂತೆ ಎಣಿಸಿದ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ನಲವತ್ತರ ಮೇಲೆ ಬಂದರೆ ಓಡಾಡಲು ಆರಾಮ, ಮೂವತ್ತರ ಕೆಳಗೆ ಬಂದರೆ ತಿಂಡಿಯ ಹೊತ್ತಿಗೆ ಮೇಜು ಹುಡುಕಬೇಕಾದೀತು. ಮಕ್ಕಳಿದ್ದರೆ ದೊಡ್ಡ ಹಡಗು ನಿಜಕ್ಕೂ ವರ. ಮೌನ ಬಯಸುವವರಿಗೆ ಸಾವಿರಕ್ಕಿಂತ ಕಡಿಮೆ ಜನರ ಹಡಗು ಹಿತ. ವೈಕಿಂಗ್‌ನಂತೆ 18 ತುಂಬಿದವರನ್ನು ಮಾತ್ರ ಕರೆದೊಯ್ಯುವ ಸಂಸ್ಥೆಗಳೂ ಇವೆ. ಸಮುದ್ರವೆಂದರೆ ಹೊಟ್ಟೆ ತೊಳಸುತ್ತದೆ ಎನ್ನುವವರು ಡ್ಯಾನ್ಯೂಬ್ ಅಥವಾ ರೈನ್ ನದಿಯ ಹಡಗಿನಲ್ಲಿ ಆರಂಭಿಸಬಹುದು. ಹಡಗು ಊರಿನ ನಡುವೆಯೇ ನಿಲ್ಲುತ್ತದೆ, ಅಲೆಯ ಕಾಟವಿಲ್ಲ. ಬೇಸಿಗೆಯ ಕೊನೆಯಲ್ಲಿ ಮಾತ್ರ ಎಚ್ಚರ: 2018 ಮತ್ತು 2022ರಲ್ಲಿ ರೈನ್ ನದಿಯ ನೀರು ತುಂಬಾ ಇಳಿದು ಹಡಗುಗಳ ಓಡಾಟಕ್ಕೆ ಅಡ್ಡಿಯಾಗಿತ್ತು.

ಕ್ಯಾಬಿನ್ ಆರಿಸುವಾಗ ಅವಸರ ಮಾಡಬೇಡಿ. ಡೆಕ್ ಎಂದರೆ ಹಡಗಿನ ಅಂತಸ್ತು. ಡೆಕ್ ನಕ್ಷೆಯನ್ನು ತೆರೆದು, ನಿಮ್ಮ ಕ್ಯಾಬಿನ್ ಇರುವ ಡೆಕ್ಕಿನ ಜೊತೆಗೆ ಅದರ ಮೇಲಿನದನ್ನೂ ಕೆಳಗಿನದನ್ನೂ ನೋಡಿ. ನಮ್ಮ ಮೊದಲ ಕ್ಯಾಬಿನ್ ಈಜುಕೊಳದ ಡೆಕ್ಕಿನ ಸರಿಯಾಗಿ ಕೆಳಗಿತ್ತು. ಬೆಳಗಿನ ಐದು ಗಂಟೆಗೆ ತಲೆಯ ಮೇಲೆ ಒರಗುಕುರ್ಚಿಗಳನ್ನು ಎಳೆದು ಸಾಲಾಗಿ ಜೋಡಿಸುವ ಕರಕರ ಸದ್ದು ಶುರುವಾಗುತ್ತಿತ್ತು. ಒಂದು ಸಾಲು ಮುಗಿದು ಸದ್ದು ನಿಂತಿತೆಂದು ಕಣ್ಣು ಮುಚ್ಚಿದರೆ ಇನ್ನೊಂದು ಸಾಲು. ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳಿರುವ ಡೆಕ್ ಸಿಕ್ಕರೆ ನಿದ್ದೆ ಗ್ಯಾರಂಟಿ. ಹಡಗಿನ ಓಲಾಟ ಅತಿ ಕಡಿಮೆ ಇರುವುದು ಕೆಳ ಡೆಕ್ಕುಗಳ ಮಧ್ಯಭಾಗದಲ್ಲಿ. ಹಡಗಿನ ಬದಿಗಳಲ್ಲಿ ಮೀನಿನ ರೆಕ್ಕೆಯಂತೆ ಚಾಚುವ ಸ್ಟೆಬಿಲೈಜರ್‌ಗಳು ಅಡ್ಡ ಓಲಾಟವನ್ನು ತಗ್ಗಿಸುತ್ತವೆ, ಆದರೆ ಮೂತಿ ಮೇಲೆದ್ದು ಕೆಳಗಿಳಿಯುವುದನ್ನು ತಡೆಯಲಾರವು. ಆದ್ದರಿಂದ ತಲೆಸುತ್ತುವ ಭಯವಿದ್ದವರು ಮುಂಭಾಗದ ಕ್ಯಾಬಿನ್ ತೆಗೆದುಕೊಳ್ಳಬಾರದು.

ಬಾಲ್ಕನಿ ಬೇಕೇ? ದಿನವೂ ಊರು ಸುತ್ತುವ ಪ್ರವಾಸವಾದರೆ ಬೇಡ, ಕಿಟಕಿಯಿಲ್ಲದ ಒಳ ಕ್ಯಾಬಿನ್ ಸಾಕು. ಅಲ್ಲಿ ರಾತ್ರಿ ಹಗಲು ಒಂದೇ ಕತ್ತಲೆ. ಅನೇಕ ಹಡಗುಗಳ ಟಿವಿಯಲ್ಲಿ ಮುಂಭಾಗದ ಕ್ಯಾಮೆರಾ ತೋರಿಸುವ ಚಾನೆಲ್ ಇರುತ್ತದೆ. ಅದನ್ನು ಸದ್ದಿಲ್ಲದೆ ಹಾಕಿಟ್ಟು ಮಲಗಿ. ಬೆಳಗಾಗುತ್ತಿದ್ದಂತೆ ಕೋಣೆಯೂ ನಿಧಾನವಾಗಿ ಬೆಳಗುತ್ತದೆ. ನಾರ್ವೆ, ಅಲಾಸ್ಕಾಗಳಿಗೆ ಹೋಗುವುದಾದರೆ ಬಾಲ್ಕನಿಗೆ ಹಣ ಹಾಕಿ. ಎರಡನೆಯ ಪ್ರವಾಸದಲ್ಲಿ ಹಡಗು ನಾರ್ವೆಯ ಗೈರಾಂಗರ್ ಫ್ಯೋರ್ಡ್ ಎಂಬ, ಕಡಿದಾದ ಬಂಡೆಗಳ ನಡುವಿನ ಕಿರಿದಾದ ಸಮುದ್ರದ ತೋಳಿನೊಳಗೆ ಮೆಲ್ಲಗೆ ಸಾಗುವಾಗ ಅಮ್ಮ ಕಂಬಳಿ ಹೊದ್ದು ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ಒಂದೂವರೆ ಗಂಟೆ ಮಾತೇ ಆಡಲಿಲ್ಲ. ಬಂಡೆಯ ಗೋಡೆಯಿಂದ ಇಳಿಯುವ ಜಲಪಾತಗಳನ್ನು ನೋಡಲು ಅವರು ಒಂದು ಮೆಟ್ಟಿಲೂ ಹತ್ತಬೇಕಾಗಲಿಲ್ಲ. "ಅಡಚಣೆಯ ನೋಟ" ಎಂದು ಅಗ್ಗಕ್ಕೆ ಕೊಡುವ ಕ್ಯಾಬಿನ್‌ಗಳ ಮುಂದೆ ಬಹುಪಾಲು ಜೀವರಕ್ಷಕ ದೋಣಿ ನೇತಾಡುತ್ತಿರುತ್ತದೆ. ಬೆಳಕು ಸಾಕು ಎನ್ನುವವರಿಗೆ ಅದೇನೂ ನಷ್ಟವಲ್ಲ.

ಬೆಲೆ ಹೋಲಿಸುವಾಗ ಟಿಕೆಟ್ ದರವನ್ನಷ್ಟೇ ನೋಡಬೇಡಿ. ಬಂದರು ತೆರಿಗೆ, ಸಿಬ್ಬಂದಿಗೆಂದು ಪ್ರತಿಯೊಬ್ಬರಿಗೂ ದಿನಕ್ಕಿಷ್ಟು ಎಂದು ಸೇರಿಸುವ ಟಿಪ್ಸ್, ಪಾನೀಯ, ಇಂಟರ್ನೆಟ್, ದಡದ ಪ್ರವಾಸಗಳನ್ನು ಕೂಡಿಸಿ, ರಾತ್ರಿಗಳಿಂದ ಭಾಗಿಸಿ. ಒಬ್ಬರೇ ಹೋಗುವವರಿಗೆ ಅನೇಕ ಹಡಗುಗಳಲ್ಲಿ ಇಬ್ಬರ ದರವೇ ಬೀಳುತ್ತದೆ. ಹಡಗಿನ ವೈದ್ಯರ ಶುಲ್ಕ ಟಿಕೆಟ್ಟಿನಲ್ಲಿ ಸೇರಿಲ್ಲ; ತುರ್ತಾಗಿ ದಡಕ್ಕೆ ಸಾಗಿಸುವ ಖರ್ಚನ್ನೂ ಭರಿಸುವ ವಿಮೆಯೇ ಬೇಕು. ಹಡಗು ಹತ್ತುತ್ತಲೇ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕದಿದ್ದರೆ ಉಪಗ್ರಹ ರೋಮಿಂಗ್‌ನ ಬಿಲ್ ಬೆನ್ನು ಹತ್ತುತ್ತದೆ.

ಹಣ ಕಟ್ಟುವ ಮೊದಲು ಜೊತೆಗೆ ಬರುವವರನ್ನು ಹಡಗು ಹತ್ತಿಸಿಕೊಳ್ಳುತ್ತಾರೆಯೇ ಎಂದೂ ನೋಡಬೇಕು. ಹೆಚ್ಚಿನ ಸಂಸ್ಥೆಗಳು ಆರು ತಿಂಗಳಿಗಿಂತ ಚಿಕ್ಕ ಮಗುವನ್ನು ಕರೆದೊಯ್ಯುವುದಿಲ್ಲ, ಮಹಾಸಾಗರ ದಾಟುವ ಯಾನಕ್ಕೆ ಹನ್ನೆರಡು ತಿಂಗಳು ತುಂಬಿರಬೇಕು. ಗರ್ಭಿಣಿಯರಿಗೆ ಮಿತಿ ಸಾಮಾನ್ಯವಾಗಿ 24 ವಾರ. ಹಡಗು ಗ್ರೀಸ್‌ನಿಂದ ಟರ್ಕಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರುವುದಾದರೆ, ಷೆಂಗೆನ್ ವೀಸಾ (ಗ್ರೀಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ; ಟರ್ಕಿ ಅದರ ಹೊರಗೆ) ಬೇಕಾದವರಿಗೆ ಒಂದೇ ಪ್ರವೇಶದ ವೀಸಾ ಸಾಲದು. ಹೊರಡುವ ಬಂದರಿಗೆ ಒಂದು ದಿನ ಮುಂಚೆಯೇ ತಲುಪುವಂತೆ ವಿಮಾನ ನೋಡಿಕೊಳ್ಳಿ, ತಡವಾದವರಿಗಾಗಿ ಹಡಗು ಕಾಯುವುದಿಲ್ಲ. ನಡುವಿನ ಬಂದರುಗಳಲ್ಲೂ ಅಷ್ಟೇ. ಹಡಗಿನವರೇ ನಡೆಸುವ ಪ್ರವಾಸದ ಬಸ್ ತಡವಾದರೆ ಮಾತ್ರ ಅದರ ಹೊಣೆ ಅವರದು. ದೂರದ ನಗರಕ್ಕೆ ಮೊದಲ ಸಲ ಹೋಗುವಾಗ ಆ ಬಸ್ಸಿಗೆ ಹೆಚ್ಚು ಹಣ ಕೊಡುವುದು ಸರಿ ಎಂದೇ ನಾನು ಹೇಳುತ್ತೇನೆ.

ಮುಂಗಡ ಕೊಟ್ಟಲ್ಲಿಗೆ ಕೆಲಸ ಮುಗಿಯುವುದಿಲ್ಲ. ಪೂರ್ತಿ ಹಣ ಕಟ್ಟಬೇಕಾದ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅದು ದಾಟಿದರೆ ರದ್ದು ಮಾಡುವ ದಂಡ ಬೇಗ ಏರುತ್ತದೆ. ಅದಕ್ಕೆ ಒಂದು ವಾರ ಮುಂಚೆ ನಾನು ಹಳೆಯ ಹಾಳೆಯನ್ನು ತೆಗೆದು ವೇಳಾಪಟ್ಟಿಯೊಂದಿಗೆ ಮತ್ತೆ ತಾಳೆ ನೋಡುತ್ತೇನೆ. ಒಮ್ಮೆ ಹೀಗೆ ನೋಡುವಾಗ ಒಂದು ಬಂದರಿನ ಹೊರಡುವ ಸಮಯ ಎರಡು ಗಂಟೆ ಹಿಂದಕ್ಕೆ ಬಂದಿತ್ತು. ಅಮ್ಮನಿಗೆ ಹೇಳಿದೆ. ಅವರು ಹಾಳೆಯಲ್ಲಿನ ಐದನ್ನು ಹೊಡೆದು ಮೂರು ಎಂದು ಬರೆದು, ಆ ದಿನ ಹಡಗಿನಲ್ಲೇ ಉಳಿಯೋಣ ಎಂದರು.