ತಾರೀಖು ಬಿಗಿ, ಗಂಟೆ ಸಡಿಲ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ತಂಡದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು. ಅವರಿಗೆ ಕೆಲಸದ ಹೊತ್ತು ಹೊಂದಿಸಿಕೊಡೋಣ ಅಂದಾಗ ಬಂದ ಮೊದಲ ಮಾತು, "ಅಕೌಂಟ್ಸ್‌ನಲ್ಲಿ ಅದೆಲ್ಲಾ ನಡೆಯಲ್ಲ ಮೇಡಂ, ಇಲ್ಲಿ ಬರೀ ಡೆಡ್‌ಲೈನು."

ಡೆಡ್‌ಲೈನ್ ಇರುವುದು ನಿಜ. ಟಿಡಿಎಸ್, ಅಂದರೆ ಸಂಬಳ, ಬಿಲ್ಲುಗಳಲ್ಲಿ ಮೊದಲೇ ಹಿಡಿದುಕೊಂಡ ತೆರಿಗೆ, ತಿಂಗಳ 7ನೇ ತಾರೀಖಿಗೆ ಕಟ್ಟಬೇಕು. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್ 11ಕ್ಕೆ, ನೌಕರರ ಪಿಎಫ್, ಇಎಸ್‌ಐ ಹಣ 15ಕ್ಕೆ, ಜಿಎಸ್‌ಟಿ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ ರಿಟರ್ನ್ 20ಕ್ಕೆ. ಆದರೆ 20ಕ್ಕೆ ಹೋಗುವ ರಿಟರ್ನ್‌ಗೆ ಬೇಕಾದ ಬಿಲ್ಲುಗಳನ್ನು ಬೆಳಿಗ್ಗೆ 7ಕ್ಕೆ ಕೂತು ತಾಳೆ ನೋಡಿದರೂ ಅಷ್ಟೇ, ಮಧ್ಯಾಹ್ನ ನೋಡಿದರೂ ಅಷ್ಟೇ, ಅಲ್ವಾ?

ತಂಡದವರೆಲ್ಲ ಕೂತು ಒಂದೊಂದೇ ಕೆಲಸ ಬರೆದೆವು. ಯಾವುದಕ್ಕೆ ಇಂಥದ್ದೇ ಹೊತ್ತಿಗೆ ಆಫೀಸಿನಲ್ಲಿ ಇರಲೇಬೇಕು ಅಂತ ನೋಡಿದರೆ ಉಳಿದದ್ದು ಕೆಲವೇ. ಮುಖ್ಯವಾದದ್ದು ಬ್ಯಾಂಕ್ ಪೇಮೆಂಟ್. ಒಬ್ಬರು ಎಂಟ್ರಿ ಹಾಕಬೇಕು, ಇನ್ನೊಬ್ಬರು ಅಪ್ರೂವ್ ಮಾಡಬೇಕು. ಪರ್ಚೇಸ್‌ನವರು ಬಿಲ್ಲು ಕಳಿಸುತ್ತಿದ್ದದ್ದೇ ಮಧ್ಯಾಹ್ನದ ಮೇಲೆ, ಹಾಗಾಗಿ ಪೇಮೆಂಟ್ ಸಂಜೆಗೆ ಹೋಗುತ್ತಿತ್ತು. ಸ್ಕೂಲ್ ವ್ಯಾನ್ ಮನೆ ಮುಂದೆ ಬಂದು ನಿಲ್ಲುವುದೂ ಅದೇ ಹೊತ್ತಿಗೆ. ಪರ್ಚೇಸ್‌ನವರನ್ನು ಒಪ್ಪಿಸಿ, ಬಿಲ್ಲು ಹಿಂದಿನ ದಿನವೇ ಬರುವ ಹಾಗೆ ಮಾಡಿ, ಪೇಮೆಂಟನ್ನು 12 ಗಂಟೆಗೆ ತಂದೆವು. ಮಿಕ್ಕಿದ್ದೆಲ್ಲ ಸಾಧ್ಯವಾದದ್ದು ಇದೊಂದರಿಂದ.

ಈಗ 11ರಿಂದ 3ರವರೆಗೆ ಎಲ್ಲರೂ ಇರಬೇಕು. ಮೀಟಿಂಗ್ ಏನಿದ್ದರೂ ಆಗಲೇ. ಉಳಿದ ಗಂಟೆಗಳನ್ನು ಅವರವರೇ ಆರಿಸಿಕೊಂಡು ಬರೆದು ಕೊಡುತ್ತಾರೆ. ಮಗಳನ್ನು ನರ್ಸರಿಗೆ ಬಿಟ್ಟು ಬರುವ ಅಪ್ಪ ತಡವಾಗಿ ಬಂದು ತಡವಾಗಿ ಹೋಗುತ್ತಾರೆ. ಖಾಸಗಿ ಕಂಪನಿಗಳಲ್ಲಿ ಅಪ್ಪಂದಿರಿಗೆ ಕಾನೂನಿನ ರಜೆಯೇ ಇಲ್ಲ, ಕೇಂದ್ರ ಸರ್ಕಾರಿ ನೌಕರರಿಗಾದರೆ 15 ದಿನ ಇದೆ. ಹಾಗಾಗಿ ನಮ್ಮಲ್ಲಿನ ಅಪ್ಪಂದಿರು ಕೇಳೋಕೇ ಹಿಂಜರಿಯುತ್ತಾರೆ. ನಾವೇ ಮುಂದಾಗಿ ಕೇಳಬೇಕು.

ಅಮ್ಮಂದಿರ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಕೊಟ್ಟಿತು. 50 ಅಥವಾ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಮಗುವನ್ನು ನೋಡಿ ಬರಬಹುದು. ನಮ್ಮಲ್ಲಿ ಕೇಂದ್ರವೇನೋ ಇತ್ತು. ಆದರೆ ಪ್ರತಿ ಸಲ ಸೂಪರ್‌ವೈಸರ್ ಮುಂದೆ ನಿಂತು "ಹೋಗಿ ಬರ್ಲಾ ಸರ್?" ಅನ್ನಬೇಕಿತ್ತು. ಕೇಳಿ ಕೇಳಿ ಸಾಕಾಗಿ ಅವರು ಹೋಗುವುದನ್ನೇ ಕಡಿಮೆ ಮಾಡಿದ್ದರು. ನನ್ನ ವಿಭಾಗದ ಮಟ್ಟಿಗೆ ಆ 4 ಹೊತ್ತನ್ನೂ ವೇಳಾಪಟ್ಟಿಯಲ್ಲೇ ಸೇರಿಸಿದೆ. ಈಗ ಯಾರನ್ನೂ ಕೇಳಬೇಕಿಲ್ಲ, ಎದ್ದು ಹೋಗುತ್ತಾರೆ.

ಮಕ್ಕಳಿಲ್ಲದ ಒಬ್ಬರು ಬೇಜಾರಿನಿಂದಲೇ ಕೇಳಿದರು, "ಹಾಗಾದ್ರೆ ಸಂಜೆ ಬರೋ ಫೋನೆಲ್ಲಾ ನನ್ನ ತಲೆಗೇನಾ ಮೇಡಂ?" ನ್ಯಾಯವಾದ ಪ್ರಶ್ನೆ. ಸಂಜೆ ಪಾಳಿ ಈಗ ಎಲ್ಲರಿಗೂ ಸುತ್ತುತ್ತದೆ. ಪಾಳಿ ಇದ್ದ ದಿನ ತಡವಾಗಿ ಬರಬಹುದು. ಗಂಟೆ ಆರಿಸಿಕೊಳ್ಳುವ ಹಕ್ಕು ಅವರಿಗೂ ಇದೆ. ವಯಸ್ಸಾದ ತಂದೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ಅವರು ಅದನ್ನು ಬಳಸುತ್ತಾರೆ.

ಮಗುವಿಗೆ ಜ್ವರ ಬಂದ ದಿನ ಯಾವ ವೇಳಾಪಟ್ಟಿಯೂ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಪ್ರತಿ ಕೆಲಸ ಇಬ್ಬರಿಗೆ ಗೊತ್ತಿರಬೇಕು ಅಂತ ಹಠ ಹಿಡಿದೆ. ಹೊರಡುವ ಮುಂಚೆ ಎಲ್ಲರೂ ನಾಲ್ಕು ಸಾಲು ಬರೆದಿಡುತ್ತಾರೆ: "ಸ್ಟೀಲ್ ಸಪ್ಲೈಯರ್ ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ತಪ್ಪಿದೆ, ತಿದ್ದಿ ಕಳಿಸೋಕೆ ಹೇಳಿದೀನಿ, ಬರೋವರೆಗೂ ಪೇಮೆಂಟ್ ಬೇಡ." ಮರುದಿನ ಅವರು ಬರದಿದ್ದರೂ ಇಷ್ಟು ಸಾಕು. ಫೋನ್ ಮಾಡಿ ಕಾಡಬಾರದು ಅನ್ನೋದೂ ನಿಯಮ.

ಮಷೀನ್ ಮೇಲೆ ಶಿಫ್ಟ್ ಮಾಡುವವರಿಗೆ ಇದು ಹೀಗೇ ಒಗ್ಗುವುದಿಲ್ಲ. ಒಂದೇ ಕೆಲಸ ಬಲ್ಲ ಇಬ್ಬರು ಒಪ್ಪಿಕೊಂಡರೆ ಶಿಫ್ಟ್ ಅದಲು ಬದಲು ಮಾಡಿಕೊಳ್ಳೋಕೆ ಬಿಡಿ ಅಂತ ಪ್ರೊಡಕ್ಷನ್‌ನವರ ಹಿಂದೆ ಬಿದ್ದಿದ್ದೇನೆ. ಒಂದು ಲೈನ್‌ನಲ್ಲಿ ನೋಡೋಣ ಅಂದಿದ್ದಾರೆ.