ಜೇಡಿಮಣ್ಣಿನಲ್ಲಿ ಕಿತ್ತಳೆ ಮಿಲ್ಕ್‌ವೀಡ್: ನನ್ನ ಅನುಭವ

ಕಿತ್ತಳೆ ಹೂವಿನ ಮಿಲ್ಕ್‌ವೀಡ್, ಅಂದರೆ ಆಸ್ಕ್ಲೀಪಿಯಾಸ್ ಟ್ಯೂಬರೋಸಾ, ಮರಳು ನೆಲದ ಗಿಡ, ನಿಮ್ಮ ಜೇಡಿಯಲ್ಲಿ ಅದು ಬರುವುದಿಲ್ಲ ಎಂದು ಇಲ್ಲಿನ ತೋಟಗಾರ ಗೆಳೆಯರೆಲ್ಲ ಹೇಳುತ್ತಿದ್ದರು. ಕಳೆದ ಜುಲೈನಲ್ಲಿ ಅಮೆರಿಕದ ಇಲಿನಾಯ್‌ನ ನಮ್ಮ ಹಿತ್ತಿಲ ಇಳಿಜಾರಿನಲ್ಲಿ ಸುಮಾರು 35 ಬುಡಗಳು ಒಟ್ಟಿಗೆ ಹೂಬಿಟ್ಟಾಗ, ಹಾಗೆ ಹೇಳಿದವರಲ್ಲೇ ಇಬ್ಬರು ಬೀಜ ಕೇಳಿಕೊಂಡು ಬಂದರು.

ಅಲ್ಲಿಗೆ ತಲುಪಲು ನನಗೆ ಆರು ವರ್ಷ ಹಿಡಿಯಿತು. ಮೊದಲ ವರ್ಷ ತಲಾ 12 ಡಾಲರಿನಂತೆ ಎಂಟು ಗಿಡಗಳನ್ನು ನರ್ಸರಿಯಿಂದ ತಂದು ನೆಟ್ಟೆ. ಬೇಸಿಗೆಯಲ್ಲಿ ನಳನಳಿಸುತ್ತಿದ್ದ ಗಿಡಗಳಲ್ಲಿ ಆರು, ಹಿಮ ಕರಗಿ ನೀರು ನಿಂತ ಮಾರ್ಚ್‌ನಲ್ಲಿ ಕೊಳೆತು, ಎಳೆದರೆ ನೆನೆದ ಗೆಣಸಿನಂತೆ ಕೈಗೆ ಬಂದವು. ಉಳಿದ ಎರಡು ಮೇ ಮೊದಲ ವಾರವಾದರೂ ತಲೆಯೆತ್ತದಿದ್ದುದರಿಂದ ಸತ್ತಿವೆಯೆಂದು ಸಲಿಕೆ ಹಾಕಿದೆ. ತುಂಡಾದ ತಾಯಿಬೇರಿನ ತಲೆಯಲ್ಲಿ ಅಕ್ಕಿಕಾಳಿನಷ್ಟು ದಪ್ಪದ ಗುಲಾಬಿ ಮೊಳಕೆಗಳು ಕಂಡಾಗ ಆದ ಸಂಕಟವನ್ನು ನಾನಿನ್ನೂ ಮರೆತಿಲ್ಲ. ಈ ಗಿಡ ವಸಂತದಲ್ಲಿ ಬಹಳ ತಡವಾಗಿ ಏಳುತ್ತದೆ, ಆದ್ದರಿಂದ ಈಗ ಪ್ರತಿ ಬುಡಕ್ಕೂ ಒಂದು ಗೂಟ ನೆಟ್ಟಿದ್ದೇನೆ. ಮರುವರ್ಷ 60 ಡಾಲರಿನ ಮರಳು ಬೆರೆಸಿದೆ. ಜೇಡಿಯೂ ಮರಳೂ ಕೂಡಿ ಆಗಸ್ಟ್ ಹೊತ್ತಿಗೆ ಇಟ್ಟಿಗೆಯಾಯಿತು. ಅನಂತರ, ಮೊಳೆಯಲು ಬೇಕಾದ ಚಳಿ ಸಿಗಲೆಂದು ಫ್ರಿಜ್‌ನಲ್ಲಿ ಒದ್ದೆ ಕಾಗದದೊಳಗೆ ಇಟ್ಟ ಬೀಜಗಳಿಗೆ ಬೂಷ್ಟು ಹಿಡಿಯಿತು. ಹೀಗೆ ಕೈಬಿಟ್ಟ ಹಣ ಒಟ್ಟು 150 ಡಾಲರಿಗೆ ಕಡಿಮೆಯಿರಲಾರದು.

ಫಲ ಕೊಟ್ಟದ್ದು 4 ಡಾಲರಿನ ಒಂದು ಪೊಟ್ಟಣ ಬೀಜ ಮತ್ತು ಖಾಲಿಯಾದ ಹಾಲಿನ ಕ್ಯಾನುಗಳು. ಡಿಸೆಂಬರ್ ಕೊನೆಯಲ್ಲಿ ಅವುಗಳೊಳಗೆ ಬಿತ್ತಿ, ಮುಚ್ಚಳ ತೆಗೆದು, ಹಿಮದಲ್ಲೇ ಬಿಟ್ಟೆ. ಏಪ್ರಿಲ್ ಕೊನೆಗೆ 60 ಬೀಜಗಳಲ್ಲಿ 45ರಷ್ಟು ಮೊಳೆತವು. ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತಿಕೊಳ್ಳುವ ಮೊದಲೇ, ಇನ್ನೂ ನಾಲ್ಕು ಎಲೆಗಳಿರುವಾಗಲೇ, ಒಂದಡಿ ಎತ್ತರದ ಜಲ್ಲಿದಿಬ್ಬಕ್ಕೆ ಸಾಗಿಸಿದೆ. ಜಲ್ಲಿಯ ಜೊತೆ ನಾನು ಬೆರೆಸುವ ಇನ್ನೊಂದು ವಸ್ತುವನ್ನು ಮತ್ತೆರಡು ಚಳಿಗಾಲ ಪರೀಕ್ಷಿಸಿ ನೋಡುವವರೆಗೆ ಹೇಳಲಾರೆ. ಗೊಬ್ಬರವನ್ನಂತೂ ಹಾಕುವುದಿಲ್ಲ, ಹಾಕಿದ ನಾಲ್ಕು ಗಿಡಗಳು ಉದ್ದುದ್ದ ಬೆಳೆದು ಮಳೆಗೆ ಮಲಗಿಬಿಟ್ಟವು. ಎರಡನೆಯ ಬೇಸಿಗೆಗೆ ಅಲ್ಲೊಂದು ಇಲ್ಲೊಂದು ಹೂ ಕಂಡಿತು, ಮೂರನೆಯದಕ್ಕೆ ದಿಬ್ಬ ತುಂಬಿತು.

ಎಕ್ಕದ ಎಲೆ ಮುರಿದು ಹಾಲು ಮೆತ್ತಿಸಿಕೊಂಡು ಬೆಳೆದ ನನಗೆ, ಅದೇ ಕುಟುಂಬದ ಈ ಗಿಡದ ಕಾಂಡ ಮುರಿದಾಗ ಬರಿಯ ತಿಳಿರಸ ಒಸರಿದ್ದು ಅಚ್ಚರಿಯೆನಿಸಿತು. ಹೂವಿನ ಕಟ್ಟಡ ಮಾತ್ರ ಎಕ್ಕದ ಬಂಧುವಿನದೇ. ಐದು ದಳಗಳು ಕೆಳಕ್ಕೆ ಮಡಚಿ, ಮೇಲೆ ಐದು ಕುಲಾವಿಗಳು ನಿಂತಿರುತ್ತವೆ. ದುಂಬಿಯ ಕಾಲು ನಡುವಿನ ಸೀಳಿಗೆ ಜಾರಿದರೆ, ಜೋಡಿ ಚೀಲಗಳಂತಿರುವ ಪರಾಗದ ಗಂಟು ಅಂಟಿಕೊಂಡು ಹೊರಬರುತ್ತದೆ. ಭೂತಗನ್ನಡಿ ಹಿಡಿದು ಒಂದು ಮಧ್ಯಾಹ್ನವೆಲ್ಲ ಇದನ್ನೇ ನೋಡುತ್ತ ಕುಳಿತಿದ್ದೇನೆ. ಊರಿನ ಎಕ್ಕವನ್ನು ಮುತ್ತುವ ಹಳದಿ ಹೇನು ಇಲ್ಲಿಯೂ ಮುತ್ತುತ್ತದೆ. ನಾನು ಬರಿಯ ನೀರು ಹಾಯಿಸಿ ಬೀಳಿಸುತ್ತೇನೆ, ಏಕೆಂದರೆ ಔಷಧಿ ಹೊಡೆದರೆ ಮಿಲ್ಕ್‌ವೀಡ್ ಎಲೆಯನ್ನೇ ತಿಂದು ಬೆಳೆಯುವ ಮೊನಾರ್ಕ್ ಚಿಟ್ಟೆಯ ಮರಿಹುಳುಗಳೂ ಸಾಯುತ್ತವೆ.

ಆ ಮೊನಾರ್ಕ್‌ಗಾಗಿಯೇ ಒಂದು ಪ್ರಯೋಗ ಮಾಡಿದೆ. ಟ್ಯೂಬರೋಸಾದ ಒರಟು ಎಲೆಯಲ್ಲಿ, ಮರಿಹುಳುಗಳನ್ನು ಹಕ್ಕಿಗಳಿಂದ ಕಾಯುವ ವಿಷ ಕಡಿಮೆ, ಆದ್ದರಿಂದಲೋ ಏನೋ ಅದರ ಮೇಲೆ ಚಿಟ್ಟೆ ಮೊಟ್ಟೆಯಿಡುವುದೂ ಕಡಿಮೆ. ಹಾಗಾಗಿ ನೀರು ನಿಲ್ಲುವ ತಗ್ಗಿನಲ್ಲಿ ಮೂರು ಜೌಗು ಮಿಲ್ಕ್‌ವೀಡ್ ನೆಟ್ಟು, ದಿಬ್ಬದ ಅರ್ಧ ಗಿಡಗಳ ಕುಡಿಗಳನ್ನು ಜೂನ್ ಆರಂಭದಲ್ಲೇ ಚಿವುಟಿದೆ. ಚಿವುಟಿದವು ಮೂರು ವಾರ ತಡವಾಗಿ ಹೂಬಿಟ್ಟವು. ಆಗಸ್ಟ್‌ನಲ್ಲಿ ಚಿಟ್ಟೆಗಳು ಮೊಟ್ಟೆಯಿಟ್ಟದ್ದು ತಗ್ಗಿನಲ್ಲಿ, ಮಕರಂದಕ್ಕೆ ಬಂದದ್ದು ದಿಬ್ಬಕ್ಕೆ. ಒಂದು ಬೆಳಿಗ್ಗೆ ಎಣಿಸಿದಾಗ ಹನ್ನೊಂದು ಚಿಟ್ಟೆಗಳಿದ್ದವು.

ಕಾಯಿ ಬಿರಿದರೆ ರೇಷ್ಮೆ ಗೊಂಡೆಯ ಸಮೇತ ಬೀಜವೆಲ್ಲ ಗಾಳಿಪಾಲಾಗುವುದರಿಂದ, ಸೆಪ್ಟೆಂಬರ್‌ನಲ್ಲೇ ಕಾಯಿಗಳಿಗೆ ಸಣ್ಣ ಬಲೆಚೀಲ ಕಟ್ಟುತ್ತೇನೆ. ಈ ಸಲ ನಲವತ್ತಕ್ಕೆ ಕಟ್ಟಿದ್ದೇನೆ. ಬೀಜ ಕೇಳಿದ ಇಬ್ಬರಿಗೂ ಅದರಲ್ಲಿ ಪಾಲಿದೆ.